ಕೊಡಗಿನ ಗುಡ್ಡಗಳ ಮೇಲೆ ಗಾಲ್ಫ್: ಕಠಿಣ ಹೋಲ್‌ಗಳನ್ನು ಆಡುವ ಬಗೆ

ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್‌ನಂತೆ ಕಾಫಿ ತೋಟಗಳ ನಡುವಿನ ಏರಿಳಿತದ ನೆಲದಲ್ಲಿ ಆಡುವಾಗ, ಚೆಂಡನ್ನು ಎಷ್ಟು ದೂರ ಹೊಡೆಯಬಲ್ಲೆವು ಎಂಬುದಕ್ಕಿಂತ, ಹೊಡೆತ ತಪ್ಪಿದರೆ ಚೆಂಡು ಎಲ್ಲಿ ಬಿದ್ದರೆ ನಷ್ಟ ಕಡಿಮೆ ಎಂಬ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಲೆಕ್ಕವನ್ನು ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತಾಗಲೇ, ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್‌ನಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು. ಉದಾಹರಣೆಗೆ 380 ಗಜದ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್‌ನಲ್ಲಿ ನಿಮ್ಮ ನಂಬಿಕೆಯ ಐರನ್ ಕ್ಲಬ್ಬಿನ ಹೊಡೆತ 150 ಗಜ ಹೋಗುವುದಾದರೆ, ಟೀಯಿಂದ ಬೇಕಾದದ್ದು 230 ಗಜ ಮಾತ್ರ. ಅದರಾಚೆ ಫೇರ್‌ವೇ (ಹುಲ್ಲು ಕತ್ತರಿಸಿದ ಮುಖ್ಯ ದಾರಿ) ಕಿರಿದಾಗಿ ತೋಟದ ಬೇಲಿ ಹತ್ತಿರ ಬರುವುದಾದರೆ ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರನ್ನು ಚೀಲದಲ್ಲೇ ಬಿಡುವುದು ಒಳ್ಳೆಯದು.

ಇಲ್ಲಿ ನಿಜವಾದ ಪರೀಕ್ಷೆ ಇರುವುದು ಎರಡನೆಯ ಹೊಡೆತದಲ್ಲಿ, ಏಕೆಂದರೆ ಕಾಲು ಸಮತಟ್ಟಾಗಿ ಊರುವ ಜಾಗ ಅಪರೂಪ. ಬಲಗೈ ಆಟಗಾರರಿಗೆ ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಅದು ಎಡಕ್ಕೆ ಎಳೆಯುತ್ತದೆ; ಕ್ಲಬ್ಬನ್ನು ಸ್ವಲ್ಪ ಕೆಳಗೆ ಹಿಡಿದು ಗುರಿಯನ್ನು ಬಲಕ್ಕೆ ಇಡಬೇಕು. ಚೆಂಡು ಪಾದಕ್ಕಿಂತ ತಗ್ಗಿನಲ್ಲಿದ್ದರೆ ಅದು ಬಲಕ್ಕೆ ಜಾರುವುದರಿಂದ, ಮಂಡಿಯನ್ನು ಬಾಗಿಸಿ, ಹೊಡೆತ ಮುಗಿಯುವವರೆಗೂ ಮೇಲೇಳದೆ, ಎಡಕ್ಕೆ ಗುರಿಯಿಡಬೇಕು. ಏರಿನಲ್ಲಿ ಚೆಂಡು ಎತ್ತರಕ್ಕೆ ಹಾರಿ ಮೊದಲೇ ಬೀಳುವುದರಿಂದ 7 ಐರನ್ ಬದಲು 6 ಐರನ್ ತೆಗೆದುಕೊಳ್ಳಿ (ಸಂಖ್ಯೆ ಕಡಿಮೆಯಾದಷ್ಟು ಚೆಂಡು ದೂರ ಹೋಗುತ್ತದೆ). ಇಳಿಜಾರಿನಲ್ಲಿ ಅದು ತಗ್ಗಾಗಿ ಹೋಗಿ ಹೆಚ್ಚು ಉರುಳುವುದರಿಂದ 8 ಐರನ್ ಸಾಕು. ಎರಡರಲ್ಲೂ ಭುಜಗಳು ನೆಲದ ವಾಲಿಗೆ ಸಮಾನಾಂತರವಾಗಿರಲಿ. ಹಾಕಿ ಆಡಿ ಬೆಳೆದ ನಮ್ಮವರು ಇಂಥ ಕಡೆ ಮಣಿಕಟ್ಟಿನ ಬಲದಿಂದ ಚೆಂಡನ್ನು ಬಾರಿಸಲು ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ವಾಲಿದ ನೆಲದಲ್ಲಿ ಮುಕ್ಕಾಲು ಸ್ವಿಂಗ್ ಮಾಡಿ ಸಮತೋಲ ಉಳಿಸಿಕೊಂಡವರೇ ಚೆಂಡನ್ನು ಶುದ್ಧವಾಗಿ ಮುಟ್ಟುತ್ತಾರೆ.

ಕಣಿವೆಯನ್ನೋ ತೋಡನ್ನೋ ದಾಟಿ ಹೊಡೆಯುವ ಪಾರ್ 3 ಹೋಲ್‌ಗಳಲ್ಲಿ ಬಾವುಟದ ಆಸೆ ಬಿಡಬೇಕು. ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಅಮೆರಿಕದ ಅಗಸ್ಟಾ ಗಾಲ್ಫ್ ಮೈದಾನದ 12ನೇ ಹೋಲ್ ಬರೀ 155 ಗಜದ್ದು. ಆದರೂ 2019ರ ಮಾಸ್ಟರ್ಸ್‌ನ ಕೊನೆಯ ದಿನ ಮುನ್ನಡೆಯಲ್ಲಿದ್ದ ಫ್ರಾನ್ಸೆಸ್ಕೊ ಮೊಲಿನಾರಿಯ ಚೆಂಡು ಗ್ರೀನ್ ಮುಂದಿನ ತೊರೆಗೆ ಬಿತ್ತು. ಬಲಬದಿಯ ಬಾವುಟವನ್ನು ಬಿಟ್ಟು ಗ್ರೀನ್‌ನ ಎಡಭಾಗಕ್ಕೆ ಹೊಡೆದ ಟೈಗರ್ ವುಡ್ಸ್ ಪಾರ್ ಮಾಡಿ, ಮುಂದೆ ಆ ಪಂದ್ಯವನ್ನೇ ಗೆದ್ದರು. ಗಾಳಿಯನ್ನು ಅಳೆಯಲು ಟೀ ಮೇಲೆ ಹುಲ್ಲು ತೂರಿದರೆ ಸಾಲದು, ಏಕೆಂದರೆ ಟೀ ಸಾಮಾನ್ಯವಾಗಿ ಮರಗಳ ಮರೆಯಲ್ಲಿರುತ್ತದೆ. ಗ್ರೀನ್ ಹಿಂದಿನ ಸಿಲ್ವರ್ ಓಕ್ ಮರಗಳ ತುದಿ ಎತ್ತ ಬಾಗುತ್ತಿದೆ ಎಂದು ನೋಡಿ. ಗ್ರೀನ್ ಹತ್ತು ಗಜದಷ್ಟು ತಗ್ಗಿನಲ್ಲಿದ್ದರೆ ಸುಮಾರು ಒಂದು ಕ್ಲಬ್ ಕಡಿಮೆ (7 ಐರನ್ ಬದಲು 8 ಐರನ್) ಸಾಕಾಗುತ್ತದೆ.

ಚೆಂಡು ಮೈದಾನದ ಗಡಿಯ ಬಿಳಿ ಗೂಟ ದಾಟಿ ಕಾಫಿ ಗಿಡಗಳೊಳಗೆ ಹೋಗಿರಬಹುದು ಎಂಬ ಸಂಶಯ ಬಂದ ಕೂಡಲೇ, ಹುಡುಕಲು ಹೊರಡುವ ಮೊದಲೇ, ‘ಪ್ರಾವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಜೊತೆಯವರಿಗೆ ಹೇಳಿ ಇನ್ನೊಂದು ಚೆಂಡು ಹೊಡೆದಿಡಿ. 2019ರಿಂದ ಹುಡುಕಾಟಕ್ಕೆ ಇರುವುದು 3 ನಿಮಿಷ ಮಾತ್ರ. ಮಳೆಗಾಲದ ನೆನೆದ ನೆಲದಲ್ಲಿ ಫೇರ್‌ವೇ ಮೇಲಾಗಲಿ ಬದಿಯ ಉದ್ದ ಹುಲ್ಲಿನ ರಫ್‌ನಲ್ಲಾಗಲಿ ಚೆಂಡು ತಾನು ಬಿದ್ದ ಗುಳಿಯಲ್ಲೇ ಹೂತು ನಿಂತರೆ, ದಂಡವಿಲ್ಲದೆ ಎತ್ತಿ ಒರೆಸಿ, ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಮಂಡಿಯ ಎತ್ತರದಿಂದ ಬಿಡಬಹುದು. ಈ ಸವಲತ್ತು ತಿಳಿಯದೆ ಕೆಸರಿನಿಂದಲೇ ಹೊಡೆದು ಸ್ಟ್ರೋಕ್ ಕಳೆದುಕೊಳ್ಳುವವರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಪಾರ್ 5 ಹೋಲ್‌ಗಳನ್ನು ಮೂರು ಹೊಡೆತದ ದಾರಿ ಎಂದೇ ಭಾವಿಸಿ, ಮೂರನೆಯದಕ್ಕೆ ನಿಮಗೆ ಒಗ್ಗಿದ ದೂರವನ್ನು ಉಳಿಸಿಕೊಳ್ಳಿ. ಗ್ರೀನ್ ತಲುಪುವ ಹೊಡೆತದಲ್ಲಿ ಚೆಂಡು ಕುಳಿಯ ಕೆಳಬದಿಯಲ್ಲಿ ನಿಲ್ಲುವಂತೆ ನೋಡಿಕೊಂಡರೆ ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಏರಿನಲ್ಲಿ ಬರುತ್ತದೆ, ಧೈರ್ಯವಾಗಿ ಹೊಡೆಯಬಹುದು. ಬೆಳಗಿನ ಇಬ್ಬನಿಯಲ್ಲಿ ಚೆಂಡು ನಿಧಾನವಾಗಿ ಉರುಳಿದ ಅದೇ ಗ್ರೀನ್, ಬಿಸಿಲು ಬಿದ್ದು ಹುಲ್ಲು ಒಣಗಿದ ಮೇಲೆ ವೇಗ ಪಡೆಯುವುದರಿಂದ, ಮೊದಲ ಹೋಲ್‌ಗಳಲ್ಲಿ ಕೈಗೆ ಹತ್ತಿದ ಅಳತೆಯನ್ನು ಕೊನೆಯ ಹೋಲ್‌ಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತಾ ಬನ್ನಿ.