ಗುಂಡ ನಮ್ಮ ಮನೆಯಲ್ಲಿದ್ದ ಮೂರು ವರ್ಷ

ಮಾರ್ಚ್ ತಿಂಗಳು. ತೋಟದ ಬೇಲಿ ಹತ್ತಿರ ತಾಯಿ ಮಂಗವೊಂದು ಕರೆಂಟ್ ಹೊಡೆದು ಸತ್ತು ಬಿದ್ದಿತ್ತು. ಮರಿ ಇನ್ನೂ ಅದರ ಹೊಟ್ಟೆಗೆ ಅಂಟಿಕೊಂಡೇ ಇತ್ತು. ಬಿಡಿಸಿ, ಟವೆಲ್‌ನಲ್ಲಿ ಸುತ್ತಿ ಮನೆಗೆ ತಂದೆ.

"ಮಂಗನ ಕಾಯಿಲೆ ಬರೋ ಕಾಲ, ಒಳಗೆ ತರಬೇಡ ಮಾರಾಯಾ" ಅಂದಳು ಅಮ್ಮ. ಅವಳು ಹೇಳಿದ್ದು ಸರಿಯಾಗೇ ಇತ್ತು. ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಸತ್ತ ಮಂಗದ ಮೈಯಿಂದ ಉಣುಗು ಉದುರುತ್ತವೆ. ನಾನು ಬರಿಗೈಯಲ್ಲಿ ಮುಟ್ಟಿದ್ದೆ. ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ ಅಷ್ಟೆ.

ಗುಂಡ ಅಂತ ಹೆಸರಿಟ್ಟೆವು. ಎರಡು ಗಂಟೆಗೊಮ್ಮೆ ಡ್ರಾಪರ್‌ನಲ್ಲಿ ಹಾಲು, ರಾತ್ರಿಯೂ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಕೂರಿಸಿಯೇ ಕುಡಿಸಬೇಕು. ಹಳೆ ಸ್ವೆಟರ್ ಸುತ್ತಿದ ಬಿಸಿನೀರಿನ ಬಾಟಲಿಯನ್ನೇ ಅವ್ವ ಅಂದುಕೊಂಡು ತಬ್ಬಿ ಮಲಗುತ್ತಿದ್ದ. ಮೊದಲ ವರ್ಷ ಊರಿನವರೆಲ್ಲ ಅವನನ್ನು ನೋಡಲು ಬರುತ್ತಿದ್ದರು. ಬಂದವರಿಗೆ ಹಲ್ಲು ಬಿಟ್ಟರೆ "ನೋಡಿ, ನಗ್ತಾನೆ" ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಮಂಗ ಹಾಗೆ ಹಲ್ಲು ಕಿರಿಯುವುದು ಹೆದರಿದಾಗ ಅಂತ ಆಮೇಲೆ ತಿಳಿಯಿತು. ಪ್ರೀತಿ ಬಂದರೆ ತುಟಿಯನ್ನು ಪಟಪಟ ಬಡಿಯುತ್ತದೆ.

ಎರಡನೇ ವರ್ಷ ಮನೆ ನಮ್ಮದಾಗಿ ಉಳಿಯಲಿಲ್ಲ. ಸಿಕ್ಕಿದ್ದನ್ನೆಲ್ಲ ಗಲ್ಲದ ಚೀಲಕ್ಕೆ ತುಂಬಿಕೊಂಡು ಅಟ್ಟ ಹತ್ತುವುದು, ಒಣಗಲು ಹಾಕಿದ ಅಡಿಕೆ ಚೆಲ್ಲುವುದು. ಉಚ್ಚೆ, ಕಕ್ಕಕ್ಕೆ ಜಾಗ ಅಂತ ಕಲಿಸಲು ಆಗಲೇ ಇಲ್ಲ. ಮರದ ಮೇಲೆ ಬದುಕುವ ಪ್ರಾಣಿಗೆ ಅದರ ಅಗತ್ಯವಾದರೂ ಏನು?

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಮಂಗದ ಗುಂಪಿನಲ್ಲಿ ಮೇಲಿನವರು, ಕೆಳಗಿನವರು ಅಂತ ಇರುತ್ತದೆ. ಗುಂಡ ನಮ್ಮನ್ನೂ ಹಾಗೇ ಸಾಲು ಹಿಡಿಸಿದ್ದ. ಅಪ್ಪ ಎಲ್ಲರಿಗಿಂತ ಮೇಲೆ, ಅವರು ಬಂದರೆ ಸರಿದು ಕೂರುತ್ತಿದ್ದ. ನಾನು ನಡುವೆ. ಬೇಸಿಗೆ ರಜೆಗೆ ಬಂದ ಅಕ್ಕನ ಐದು ವರ್ಷದ ಮಗಳು ತನಗಿಂತ ಕೆಳಗೆ ಅಂತ ಅವನೇ ತೀರ್ಮಾನಿಸಿಬಿಟ್ಟ. ಅವಳ ಕೈಯ ಬಾಳೆಹಣ್ಣು ಕಿತ್ತುಕೊಂಡ. ಅವಳು ಅವನ ಕಣ್ಣಿಗೆ ಕಣ್ಣಿಟ್ಟು ಬೈದಳು. ಮಂಗಕ್ಕೆ ಅದು ಜಗಳಕ್ಕೆ ಕರೆದ ಹಾಗೆ. ಮುಂಗೈ ಕಚ್ಚಿದ.

ಸೋಪು ಹಾಕಿ ಹದಿನೈದು ನಿಮಿಷ ನಲ್ಲಿ ಕೆಳಗೆ ತೊಳೆದು ಆಸ್ಪತ್ರೆಗೆ ಓಡಿದೆವು. ನಾಯಿ ಕಚ್ಚಿದರೆ ಹಾಕುವ ಇಂಜೆಕ್ಷನ್ನೇ ಮಂಗಕ್ಕೂ. ಅಕ್ಕ ನನ್ನ ಜೊತೆ ತಿಂಗಳುಗಟ್ಟಲೆ ಮಾತಾಡಲಿಲ್ಲ. ತಪ್ಪು ಗುಂಡನದ್ದಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಅವನಿಗೆ ಮೂರು ತುಂಬಿತ್ತು. ಕೋರೆಹಲ್ಲು ಬಲಿಯುವುದು ಇನ್ನೂ ಮುಂದಿತ್ತು, ಸಾಕಿದ ಮಂಗ ಮೂವತ್ತು ವರ್ಷವೂ ಬದುಕಬಹುದು. ಕಾಡಿಗೆ ಬಿಡೋಣ ಅಂತ ತೋಟಕ್ಕೆ ಬರುವ ಗುಂಪಿನ ಹತ್ತಿರ ಕರೆದೊಯ್ದೆ. ಅವುಗಳನ್ನು ಕಂಡಿದ್ದೇ ಕಿರುಚುತ್ತಾ ನನ್ನ ಹೆಗಲೇರಿ ಕೂತ. ತನ್ನ ಜಾತಿಯೇ ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಫಾರೆಸ್ಟರ್‌ಗೆ ಫೋನ್ ಮಾಡಿದೆ. ಮೊದಲ ದಿನವೇ ಮಾಡಬೇಕಿದ್ದ ಫೋನ್ ಅದು. ಕಾಡುಪ್ರಾಣಿಯನ್ನು ಹೀಗೆ ಇಟ್ಟುಕೊಂಡಿದ್ದಕ್ಕೆ ಕೇಸ್ ಹಾಕಬಹುದಿತ್ತು ಅಂತ ಅವರು ಸರಿಯಾಗಿ ಬೈದರು. ಗುಂಡ ಪಂಜರದಲ್ಲಿ ಹೋದ. ದಾರಿಯುದ್ದಕ್ಕೂ ಹಲ್ಲು ಬಿಡುತ್ತಲೇ ಇದ್ದ.

ಹೋದ ವರ್ಷ ಹಲಸಿನ ಮರದಿಂದ ಇನ್ನೊಂದು ಮರಿ ಬಿತ್ತು. ಗಾಯ ಇರಲಿಲ್ಲ, ಗುಂಪು ಮೇಲೇ ಇತ್ತು. ಈ ಸಲ ಕೈಗವಸು ಹಾಕಿಕೊಂಡೆ, ಬುಟ್ಟಿಯಲ್ಲಿ ಟವೆಲ್ ಹಾಸಿ ಮರಿಯನ್ನು ಮರದ ಬುಡದಲ್ಲಿಟ್ಟೆ. ಹಾಲು ಕೊಡಲಿಲ್ಲ. ನಾಯಿ ಕಟ್ಟಿಹಾಕಿ, ದೂರದ ಕೊಟ್ಟಿಗೆಯಲ್ಲಿ ಸುಮ್ನೆ ಕೂತೆ. ಮುಕ್ಕಾಲು ಗಂಟೆಯ ಮೇಲೆ ತಾಯಿ ಇಳಿದು ಬಂತು. ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಮರ ಹತ್ತಿತು. ಮರಿ ಟವೆಲನ್ನೂ ಬಿಡಲಿಲ್ಲ. ಆ ಟವೆಲ್ ಇವತ್ತಿಗೂ ಹಲಸಿನ ಕೊಂಬೆಯಲ್ಲೇ ನೇತಾಡುತ್ತಿದೆ.