ಬಾಕಿ ಹೇಳುವ ರಿಂಗ್‌ಟೋನ್: ತೋಟದ ರೈಟರಾಗಿ ನನ್ನ ಅನುಭವ

ಕೊಡಗಿನ ಸಿದ್ದಾಪುರದ ಸಮೀಪದ ಒಂದು ಕಾಫಿ ತೋಟದಲ್ಲಿ ನಾನು 19 ವರ್ಷಗಳಿಂದ ರೈಟರಾಗಿದ್ದೇನೆ. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ವಾರದ ಬಟವಾಡೆಯ ಲೆಕ್ಕ ಹಾಕುವುದು, ಗೊಬ್ಬರದ ಚೀಲ ಎಣಿಸಿ ಸ್ಟೋರಿನ ಬೀಗ ಹಾಕುವುದು ಹೆಸರಿಗೆ ನನ್ನ ಕೆಲಸ. ನಿಜವಾಗಿ ನೋಡಿದರೆ ದಿನದ ಅರ್ಧ ಭಾಗ ಫೋನಿನಲ್ಲೇ ಕಳೆಯುತ್ತದೆ. ಮೇಸ್ತ್ರಿ, ಜೀಪಿನ ಚಾಲಕರು, ಪಂಪ್‌ಸೆಟ್ ರಿಪೇರಿಯವರು, ಕರಿಮೆಣಸಿನ ವ್ಯಾಪಾರಿಗಳು, ಮರ ಕಪಾತಿಗೆ ಬರುವ ತಂಡದ ಮುಖ್ಯಸ್ಥ, ಮೈಸೂರಿನಲ್ಲಿರುವ ಮಾಲೀಕರು, ಹೀಗೆ ಕೊಯ್ಲಿನ ಕಾಲದಲ್ಲಿ ದಿನಕ್ಕೆ ನಲವತ್ತು ಕರೆಗಳು ಬರುವುದು ಸಾಮಾನ್ಯ. ಇವರಲ್ಲಿ ಪ್ರತಿಯೊಬ್ಬರೊಂದಿಗೂ ಹಿಂದಿನ ಸಲ ಏನು ಮಾತಾಯಿತು ಎಂಬುದನ್ನು ನೆನಪಿಟ್ಟುಕೊಂಡೇ ಫೋನ್ ಎತ್ತಬೇಕೆಂಬುದು ನನಗೆ ಅರ್ಥವಾದದ್ದು ಒಂದು ಅವಮಾನದ ನಂತರ.

2021ರ ಜುಲೈ ತಿಂಗಳ ಒಂದು ಬೆಳಿಗ್ಗೆ ಮೇಸ್ತ್ರಿ ಕರೆ ಮಾಡಿ, "ರೈಟ್ರೇ, ಆ ವಿಷಯ ಏನಾಯ್ತು?" ಎಂದು ಕೇಳಿದರು. ನಾನು ಸುರಿಯುವ ಮಳೆಯಲ್ಲಿ ರೈನ್‌ಕೋಟಿನ ಒಳಗಿನಿಂದ ಫೋನ್ ತೆಗೆದು, "ಯಾವ ವಿಷಯ ಮೇಸ್ತ್ರಿ?" ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನಿಲ್ಲ ಬಿಡಿ" ಎಂದು ಇಟ್ಟರು. ಮಗಳ ಶಾಲೆಯ ಖರ್ಚಿಗೆ ಮೂರು ಸಾವಿರ ರೂಪಾಯಿ ಮುಂಗಡ ಕೊಡಿಸುವಂತೆ ನಾಲ್ಕು ದಿನಗಳ ಹಿಂದೆ ಅವರು ಕೇಳಿದ್ದರು, ಸಾಹುಕಾರರೊಂದಿಗೆ (ಮಾಲೀಕರನ್ನು ನಾವು ಕರೆಯುವುದು ಹಾಗೆ) ಮಾತಾಡುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ. ಇದು ನನಗೆ ಹೊಳೆದದ್ದು ಸಂಜೆ ಚೆಕ್‌ರೋಲ್‌ನಲ್ಲಿ ಅವರ ಹೆಸರಿನ ಮುಂದೆ ಹಾಜರಿ ಹಾಕುವಾಗ. ಡೈರಿಯಲ್ಲಿ ಬರೆದುಕೊಂಡಿದ್ದೆ, ನಿಜ. ಆದರೆ ಡೈರಿ ಇದ್ದದ್ದು ಆಫೀಸಿನ ಮೇಜಿನ ಮೇಲೆ. ಕರೆ ಬಂದದ್ದು ತೋಟದ ನಡುವೆ.

ನೆನಪು ಬೇಕಾಗಿದ್ದುದು ಫೋನ್ ಬಡಿದುಕೊಳ್ಳುವ ಆ ಕ್ಷಣದಲ್ಲಿ ಮಾತ್ರ ಎಂಬುದು ಆ ರಾತ್ರಿ ನನಗೆ ಸ್ಪಷ್ಟವಾಯಿತು. ಮೈಸೂರಿನಲ್ಲಿ ಓದುತ್ತಿರುವ ಅಣ್ಣನ ಮಗನಿಗೆ ಇದನ್ನು ಹೇಳಿದಾಗ, ಮನಶ್ಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆಯೆಂದು ಅವನು ತಿಳಿಸಿದ. ಐನ್‌ಸ್ಟೈನ್ ಮತ್ತು ಮೆಕ್‌ಡೇನಿಯಲ್ ಎಂಬಿಬ್ಬರು (ಈ ಐನ್‌ಸ್ಟೈನ್ ಬೇರೆ, ಭೌತವಿಜ್ಞಾನಿಯಲ್ಲ) 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಮಾಡಬೇಕಾದುದನ್ನು ನೆನಪಿಡುವುದರಲ್ಲಿ ಎರಡು ಬಗೆಯನ್ನು ಗುರುತಿಸಿದ್ದಾರೆ: ಗಂಟೆ ಇಷ್ಟಾದಾಗ ಮಾಡಬೇಕು ಎಂಬುದು ಒಂದು, ಇಂಥ ಸಂದರ್ಭ ಎದುರಾದಾಗ ಮಾಡಬೇಕು ಎಂಬುದು ಇನ್ನೊಂದು. ಮೊಬೈಲಿನ ಅಲಾರಾಂ ಮೊದಲನೆಯದಕ್ಕೆ ಸಾಕು. ಮೇಸ್ತ್ರಿ ಯಾವಾಗ ಕರೆ ಮಾಡುತ್ತಾರೆಂದು ಗೊತ್ತಿಲ್ಲದ ನನಗೆ ಬೇಕಾದದ್ದು ಎರಡನೆಯದು. ಕರೆಯೇ ಸಂದರ್ಭವಾದ ಮೇಲೆ, ನೆನಪಿಸುವ ಕೆಲಸವನ್ನು ರಿಂಗ್‌ಟೋನಿಗೆ ವಹಿಸುವುದೇ ಸರಿಯೆಂದು ಹೊರಟೆ. ಇಲ್ಲಿ ಹೇಳುತ್ತಿರುವುದು ನಮ್ಮ ಫೋನಿನಲ್ಲಿ ನಮಗೆ ಕೇಳುವ ರಿಂಗ್‌ಟೋನಿನ ಬಗ್ಗೆ. ನಮಗೆ ಕರೆ ಮಾಡಿದವರ ಕಿವಿಗೆ ಬೀಳುವ ಕಾಲರ್ ಟ್ಯೂನ್, 2020ರಲ್ಲಿ ದೇಶಕ್ಕೆ ದೇಶವೇ ಕೊರೊನಾ ಸಂದೇಶದ ಕೆಮ್ಮು ಕೇಳಿ ಬೇಸತ್ತಿತಲ್ಲ, ಅದು ಬೇರೆಯೇ ವ್ಯವಸ್ಥೆ.

ಮೊದಲು ನನಗೆ ತೋಚಿದ್ದು ಕರೆಯನ್ನೇ ರೆಕಾರ್ಡ್ ಮಾಡಿ ಅದರ ಒಂದು ತುಣುಕನ್ನು ರಿಂಗ್‌ಟೋನ್ ಮಾಡುವುದು. ಆಂಡ್ರಾಯ್ಡಿನ ಹೊಸ ಆವೃತ್ತಿಗಳಲ್ಲಿ ಬೇರೆಯವರು ತಯಾರಿಸಿದ ಆ್ಯಪ್‌ಗಳಿಗೆ ಇದು ಕಷ್ಟ; 2022ರ ಮೇ ತಿಂಗಳಿನಿಂದ ಗೂಗಲ್ ಪ್ಲೇ ನಿಯಮವೂ ಬಿಗಿಯಾಗಿದೆ. ನಾನು ಅದನ್ನು ಕೈಬಿಟ್ಟದ್ದು ಮಾತ್ರ ಬೇರೆ ಕಾರಣಕ್ಕೆ. ಕಷ್ಟ ಹೇಳಿಕೊಂಡವರ ದನಿ ಅವರಿಗೆ ಗೊತ್ತಿಲ್ಲದೆ ನನ್ನ ಜೇಬಿನಲ್ಲಿ ಕೂಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಕರೆ ಮುಗಿದ ಕೂಡಲೇ ವಾಯ್ಸ್ ರೆಕಾರ್ಡರ್ ತೆರೆದು ನನ್ನ ದನಿಯಲ್ಲೇ ಒಂದು ವಾಕ್ಯ ಹೇಳುವುದು, ರಾತ್ರಿ ಅದನ್ನು ಕತ್ತರಿಸಿ ಆ ವ್ಯಕ್ತಿಯ ಹೆಸರಿಗೆ ಜೋಡಿಸುವುದು ಎಂದು ಕ್ರಮ ಮಾಡಿಕೊಂಡೆ. "ಮೇಸ್ತ್ರಿಗೆ ಮುಂಗಡ, ಸಾಹುಕಾರರನ್ನು ಕೇಳಬೇಕು" ಎಂದು ಫೋನ್ ಹೇಳುವುದು, ನಾನು ಎತ್ತುವುದು.

ಎರಡು ವಾರ ಇದು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಮಾಲೀಕರೂ ಒಬ್ಬ ಕರಿಮೆಣಸಿನ ವ್ಯಾಪಾರಿಯೂ ಕಣದಲ್ಲಿ ನಿಂತು ಬೆಲೆ ಮಾತಾಡುತ್ತಿದ್ದಾಗ, ಹಿಂದಿನ ದಿನ ನಮ್ಮ ಮೆಣಸು ನೋಡಿ ಹೋಗಿದ್ದ ಇನ್ನೊಬ್ಬ ವ್ಯಾಪಾರಿಯ ಕರೆ ಬಂತು. ನನ್ನ ಜೇಬಿನಿಂದ ನನ್ನದೇ ದನಿ ಸ್ಪಷ್ಟವಾಗಿ, "ನಾಲ್ಕು ಚೀಲದಲ್ಲಿ ತೇವ ಜಾಸ್ತಿ, ಬೆಲೆ ಇಳಿಸಬೇಕು ಎಂದಿದ್ದಾರೆ" ಎಂದಿತು. ಫೋನ್ ತೆಗೆದು ನಿಲ್ಲಿಸುವಷ್ಟರಲ್ಲಿ ಅದು ಮತ್ತೊಮ್ಮೆ ಅದನ್ನೇ ಹೇಳಿತು, ಏಕೆಂದರೆ ಆಂಡ್ರಾಯ್ಡ್ ಫೋನು ರಿಂಗ್‌ಟೋನ್ ಮುಗಿದರೆ ಪುನಃ ಮೊದಲಿನಿಂದ ನುಡಿಸುತ್ತದೆ. ಎದುರಿಗಿದ್ದ ವ್ಯಾಪಾರಿ ಏನೂ ಹೇಳದೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಮೆಣಸು ತೆಗೆದು, ಹಲ್ಲಿನಲ್ಲಿ ಕಚ್ಚಿ ನೋಡಿದರು. ಮಾಲೀಕರು ನನ್ನನ್ನು ನೋಡಿದ ನೋಟದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಜೀಪಿನ ಚಾಲಕ ಮಾತ್ರ ಸಂಜೆಯವರೆಗೂ, "ರೈಟ್ರೇ, ನಿಮ್ಮ ಫೋನು ನಿಮಗಿಂತ ನಿಯತ್ತಿನದು" ಎಂದು ನಗುತ್ತಿದ್ದ.

ಅದೇ ವಾರ ತಾಂತ್ರಿಕವಾದ ಇನ್ನೊಂದು ತೊಂದರೆಯೂ ತಲೆದೋರಿತು. ಹಳೆಯ ಧ್ವನಿಯ ಫೈಲನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಹಾಕಿದರೂ, ಕರೆ ಬಂದಾಗ ಮಾಮೂಲಿ ರಿಂಗೇ ಕೇಳುತ್ತಿತ್ತು. ಫೋನು ನೆನಪಿಟ್ಟುಕೊಳ್ಳುವುದು ಫೈಲಿನ ಹೆಸರನ್ನಲ್ಲ, ಅದಕ್ಕೆ ತಾನೇ ಕೊಟ್ಟ ಒಂದು ಸಂಖ್ಯೆಯನ್ನು. ಅಳಿಸಿ ಹೊಸದಾಗಿ ಹಾಕಿದರೆ ಸಂಖ್ಯೆ ಬದಲಾಗಿ, ಸಂಪರ್ಕಕ್ಕೆ ಹಾಕಿದ್ದ ಕೊಂಡಿ ಕಡಿಯುತ್ತದೆ ಎಂದು ಅಣ್ಣನ ಮಗ ವಿವರಿಸಿದ. ದಿನಕ್ಕೆ ಹತ್ತು ಜನರ ಫೈಲು ಬದಲಿಸಿ, ಹತ್ತು ಸಲ ಕೊಂಡಿ ಹಾಕುವುದು ನನ್ನಿಂದಾಗದ ಕೆಲಸವಾಗಿತ್ತು. ಎರಡೂ ತೊಂದರೆಗಳಿಗೆ ಪರಿಹಾರ ಒಂದೇ ಆಯಿತು. ಮಾತು ಬೇಡ, ಗುರುತಿನ ಸದ್ದು ಸಾಕು. ಸದ್ದುಗಳನ್ನು ಒಮ್ಮೆ ಮಾತ್ರ ಫೋನಿಗೆ ತುಂಬಿ, ಮುಂದೆ ಅವುಗಳನ್ನು ಮುಟ್ಟದೆ, ಯಾವ ವ್ಯಕ್ತಿಗೆ ಯಾವ ಸದ್ದು ಎಂಬುದನ್ನಷ್ಟೇ ಬದಲಿಸುತ್ತಿರುವುದು.

ಇದರೊಂದಿಗೆ ಇನ್ನೂ ಮುಖ್ಯವಾದ ಒಂದು ತೀರ್ಮಾನವನ್ನೂ ಮಾಡಿದೆ. ಹಿಂದಿನ ಮಾತುಕತೆಯೆಲ್ಲವನ್ನೂ ನೆನಪಿಸುವ ಅಗತ್ಯವಿಲ್ಲ. ಅದರಲ್ಲಿ ಉಳಿದ ಬಾಕಿಯನ್ನು ನೆನಪಿಸಿದರೆ ಸಾಕು. ಆ ಬಾಕಿ ನನ್ನದೋ ಅವರದೋ ಎಂಬುದು ಮೊದಲು ತಿಳಿಯಬೇಕು, ಅದು ಯಾವುದರ ಬಗ್ಗೆ ಎಂಬುದು ಆಮೇಲೆ. ಬಾಕಿಯೇ ಇಲ್ಲದವರಿಗೆ ಎಲ್ಲರಿಗೂ ಇರುವ ಮಾಮೂಲಿ ರಿಂಗ್.

ಸದ್ದುಗಳನ್ನು ಆರಿಸಲು ತಿಂಗಳುಗಳೇ ಹಿಡಿದವು, ಇದರಲ್ಲಿ ಎಡವಿದ್ದೇ ಹೆಚ್ಚು. ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ದುಡಿಯ ಸದ್ದನ್ನು ಬಹಳ ಆಸೆಯಿಂದ ರೆಕಾರ್ಡ್ ಮಾಡಿದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ, ದುಡಿಯ ತುಂಬುದನಿ ಹೋಗಿ ಚರ್ಮದ ಮೇಲೆ ಬೆರಳು ತಟ್ಟಿದಂಥ ಟಕಟಕ ಮಾತ್ರ ಉಳಿಯಿತು. ತಗಡಿನ ಮೇಲೆ ಬೀಳುವ ಮಳೆಯ ಸದ್ದು ಮಾರ್ಚಿನಲ್ಲಿ ಸೊಗಸಾಗಿತ್ತು, ಜೂನ್ ಬಂದಾಗ ಯಾವುದು ಫೋನು ಯಾವುದು ಮಳೆ ಎಂದು ತಿಳಿಯದಾಯಿತು. ಹಕ್ಕಿಯ ಕೂಗಂತೂ ಕೊಡಗಿನಲ್ಲಿ ಆಗುವ ಮಾತಲ್ಲ. ನಸುಕಿನಲ್ಲಿ ಹಳ್ಳದ ಬದಿಯಲ್ಲಿ ಮನುಷ್ಯರಂತೆಯೇ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಷ್ ಒಂದು ಕಡೆ, ಕಂಡಕಂಡ ಹಕ್ಕಿಗಳ ಕೂಗನ್ನು ನಕಲು ಮಾಡುವ ಭೀಮರಾಜ ಇನ್ನೊಂದು ಕಡೆ, ಇವುಗಳ ನಡುವೆ ಜೇಬು ತಡವಿಕೊಳ್ಳುತ್ತಾ ತಿರುಗಬೇಕಾಗುತ್ತದೆ. ಕೊನೆಗೆ ತಿಳಿದದ್ದು ಇಷ್ಟು: ಸದ್ದು ಚುರುಕಾಗಿ ಶುರುವಾಗಬೇಕು, ಲೋಹಕ್ಕೋ ಮರಕ್ಕೋ ಗಟ್ಟಿ ವಸ್ತು ಬಡಿದಂತಿರಬೇಕು, ಅದರ ವಿಷಯಕ್ಕೂ ಅದಕ್ಕೂ ನೇರ ಸಂಬಂಧವಿರಬೇಕು. ಕಂಪ್ಯೂಟರ್ ವಿನ್ಯಾಸದಲ್ಲಿ ಇಂಥ ಸಹಜ ಸದ್ದುಗಳ ಬಳಕೆಯ ಬಗ್ಗೆ ವಿಲಿಯಂ ಗೇವರ್ ಎಂಬವರು 1986ರಲ್ಲೇ ಬರೆದಿದ್ದಾರಂತೆ. ನನಗೆ ಗೊತ್ತಿದ್ದರೆ ಅಷ್ಟು ತಿಂಗಳು ಉಳಿಯುತ್ತಿತ್ತೇನೋ.

ಈಗ ನನ್ನಲ್ಲಿರುವುದು ಆರು ಗುರುತುಗಳು. ಹಣದ ವಿಷಯಕ್ಕೆ ಡಬ್ಬಿಯಲ್ಲಿ ಚಿಲ್ಲರೆ ಅಲ್ಲಾಡಿಸಿದ ಸದ್ದು, ರಿಪೇರಿಗೆ ಸಿಮೆಂಟ್ ನೆಲದ ಮೇಲೆ ಸ್ಪ್ಯಾನರ್ ಬಿದ್ದ ಸದ್ದು, ಫಸಲಿನ ವ್ಯಾಪಾರಕ್ಕೆ ಒಣ ಮೆಣಸನ್ನು ತಗಡಿನ ಮೇಲೆ ಸುರಿದ ಸದ್ದು, ಆಳುಗಳು ವಾಸಿಸುವ ಲೈನ್ ಮನೆಯ ವಿಷಯಕ್ಕೆ ಕಬ್ಬಿಣದ ಚಿಲಕ ಎಳೆದ ಸದ್ದು, ಬ್ಯಾಂಕು ಮತ್ತು ಪಹಣಿಯಂಥ ಕಾಗದಪತ್ರಕ್ಕೆ ಸ್ಟಾಂಪ್ ಒತ್ತಿದ ಸದ್ದು, ಆಳುಗಳನ್ನು ಕಳಿಸುವ ಕರೆಸುವ ಮಾತಿಗೆ ಮೇಸ್ತ್ರಿಯ ಪೀಪಿ. ಬಾಕಿ ಯಾರದು ಎಂಬುದನ್ನು ಹೇಳಲು ನಮ್ಮ ತೋಟದ ಗಂಟೆಯನ್ನು ಬಳಸಿದೆ. ಬೆಳಿಗ್ಗೆ ಆಳುಗಳನ್ನು ಕೂಡಿಸಲು ಬಾರಿಸುವ ಆ ಗಂಟೆ ಒಂದು ರೈಲು ಕಂಬಿಯ ತುಂಡು. ರೈಲೇ ಇಲ್ಲದ ನಮ್ಮ ಜಿಲ್ಲೆಗೆ ಅದು ಎಲ್ಲಿಂದ ಬಂತೆಂದು ಹಿಂದಿನ ರೈಟರಿಗೂ ತಿಳಿದಿರಲಿಲ್ಲ. ಮೊದಲು ಕಂಬಿಯ ಏಟು, ಆಮೇಲೆ ಚಿಲ್ಲರೆಯ ಸದ್ದು ಬಂದರೆ ಹಣದ ಬಗ್ಗೆ ಮಾತು ಕೊಟ್ಟವನು ನಾನು. ಮೊದಲು ಚಿಲ್ಲರೆ, ಆಮೇಲೆ ಕಂಬಿ ಬಂದರೆ ಮಾತು ಕೊಟ್ಟವರು ಅವರು. ಹೀಗೆ ಆರಕ್ಕೆ ಹನ್ನೆರಡು ಫೈಲುಗಳಾದವು. ಆನೆಯ ವಿಷಯಕ್ಕೆ ಗುರುತು ಮಾಡಲಿಲ್ಲ. ಅರಣ್ಯ ಇಲಾಖೆಯ ಆನೆ ಓಡಿಸುವ ತಂಡದಿಂದ ಕರೆ ಬಂದರೆ ಎಲ್ಲಕ್ಕಿಂತ ಜೋರಾದ ಒಂದೇ ರಿಂಗ್ ಇದೆ. ಅದು ಬಾಕಿ ಇಟ್ಟುಕೊಳ್ಳುವ ವಿಷಯವಲ್ಲ.

ಸದ್ದುಗಳನ್ನು ತಿದ್ದಲು ಆಡಾಸಿಟಿ ಎಂಬ ಉಚಿತ ತಂತ್ರಾಂಶವನ್ನು ಆಫೀಸಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಬಳಸಿದೆ. ಸದ್ದಿನ ಮುಂದಿರುವ ಮೌನವನ್ನು ಪೂರ್ತಿ ಕತ್ತರಿಸಿ, ಸುಮಾರು ಎರಡು ಸೆಕೆಂಡಿನ ಸದ್ದನ್ನು ಮಾತ್ರ ಉಳಿಸಿ, ಅದರ ಹಿಂದೆ ಎರಡು ಸೆಕೆಂಡಿನ ಮೌನವನ್ನು ಸೇರಿಸಿ, ಎಲ್ಲವನ್ನೂ ಒಂದೇ ಮಟ್ಟದ ಜೋರಿಗೆ ತಂದೆ. ಆ ಮೌನ ಇಲ್ಲದಿದ್ದರೆ ಒಂದು ಸುತ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದೆ, ಕಂಬಿ ಮೊದಲೋ ಚಿಲ್ಲರೆ ಮೊದಲೋ ಎಂಬುದೇ ಕಲಸಿಹೋಗುತ್ತದೆ. 2019ರ ನವೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಾಡಿದ ನಿಯಮದಂತೆ, ಉತ್ತರಿಸದ ಕರೆ ಮೊಬೈಲಿನಲ್ಲಿ ರಿಂಗಾಗುವುದು 30 ಸೆಕೆಂಡು. ಅಷ್ಟರಲ್ಲಿ ಏಳು ಸುತ್ತು ಕೇಳಿಸುತ್ತದೆ, ಅದು ಧಾರಾಳವಾಯಿತು. ಸಿದ್ಧವಾದ ಫೈಲುಗಳನ್ನು ಫೋನಿನ ರಿಂಗ್‌ಟೋನ್ಸ್ ಎಂಬ ಫೋಲ್ಡರಿಗೆ ಹಾಕುವಾಗ ಹೆಸರಿನ ಮೊದಲಿಗೆ 01, 02 ಎಂದು ಅಂಕಿ ಕೊಟ್ಟರೆ ಪಟ್ಟಿಯಲ್ಲಿ ಮೇಲೆಯೇ ಸಿಗುತ್ತವೆ. ಆಮೇಲೆ ಸಂಪರ್ಕವನ್ನು ತೆರೆದು, ರಿಂಗ್‌ಟೋನ್ ಹೊಂದಿಸುವ ಆಯ್ಕೆಯನ್ನು ಒತ್ತಿದರೆ ಆಯಿತು. ಆ ಆಯ್ಕೆ ಕಾಣದಿದ್ದರೆ ಆ ಹೆಸರು ಸಿಮ್‌ನಲ್ಲಿ ಉಳಿದಿರಬಹುದು. ಅದನ್ನು ಫೋನಿಗೋ ಗೂಗಲ್ ಖಾತೆಗೋ ವರ್ಗಾಯಿಸಬೇಕು. ನನ್ನ ಅರ್ಧ ಹೆಸರುಗಳು ಹಳೆಯ ಕೀಪ್ಯಾಡ್ ಫೋನಿನ ಕಾಲದಿಂದ ಸಿಮ್‌ನಲ್ಲೇ ಇದ್ದವು. ವಾಟ್ಸಾಪಿನಲ್ಲಿ ಬರುವ ಕರೆಗಳಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಪ್ರತಿಯೊಬ್ಬರ ಮಾಹಿತಿಯನ್ನು ತೆರೆದು ಬೇರೆಯಾಗಿಯೇ ಹೊಂದಿಸಬೇಕು. ಮಾಲೀಕರು ವಾಟ್ಸಾಪಿನಲ್ಲೇ ಕರೆ ಮಾಡುವವರಾದ್ದರಿಂದ ಅವರೊಬ್ಬರಿಗೆ ಎರಡೂ ಕಡೆ ಹೊಂದಿಸುತ್ತೇನೆ.

ಕರೆ ಮುಗಿದ ಮೇಲೆ ನಡೆಯುವುದನ್ನು ಮುಂದಕ್ಕೆ ಹಾಕಬಾರದು. ಸಂಜೆ ಮಾಡೋಣವೆಂದುಕೊಂಡ ಗುರುತು ಆಗುವುದೇ ಇಲ್ಲ. ಫೋನ್ ಕಿವಿಯಿಂದ ಇಳಿಸಿದ ಕೂಡಲೇ, ಅಲ್ಲೇ ಸಿಲ್ವರ್ ಮರದ ಬುಡದಲ್ಲಿ ನಿಂತು, ಈಗ ಬಾಕಿ ಯಾರದು, ಯಾವುದು ಎಂದು ಕೇಳಿಕೊಂಡು ಗುರುತು ಬದಲಿಸುತ್ತೇನೆ. ಅರ್ಧ ನಿಮಿಷದ ಕೆಲಸ. ನಿಜ ಹೇಳಬೇಕೆಂದರೆ, ಹಾಗೆ ಕೇಳಿಕೊಳ್ಳುವುದರಿಂದಲೇ ಅರ್ಧ ನೆನಪು ಉಳಿಯುತ್ತದೆಂದು ನನ್ನ ಅನುಮಾನ. ಒಬ್ಬರೊಂದಿಗೆ ಎರಡು ಬಾಕಿ ಇದ್ದರೆ ನನ್ನದಕ್ಕೇ ಮೊದಲ ಸ್ಥಾನ, ಇನ್ನೊಂದು ಡೈರಿಗೆ.

ಕಿವಿ ಒಗ್ಗಿಹೋಗುವುದು ಈ ಕ್ರಮದ ದೊಡ್ಡ ದೋಷ. ಪಂಪ್‌ಸೆಟ್ ರಿಪೇರಿಯವರ ಬಾಕಿ ಒಮ್ಮೆ ಕಾಫಿ ಹೂ ಅರಳಿಸುವ ಹೂಮಳೆಯ ಮೊದಲಿನಿಂದ ಹಿಡಿದು ಮುಂಗಾರಿನವರೆಗೆ ಎಳೆಯಿತು. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಬೇಕಾದ ಫೆಬ್ರವರಿ, ಮಾರ್ಚ್ ಎರಡೂ ಕಳೆದು ಮಳೆಯೇ ಬಂದ ಮೇಲೂ ಅವರ ಸ್ಪ್ಯಾನರ್ ಬೀಳುತ್ತಲೇ ಇತ್ತು, ಅಷ್ಟರಲ್ಲಿ ಅದು ನನಗೆ ಅವರ ಹೆಸರಾಗಿತ್ತೇ ಹೊರತು ನೆನಪಾಗಿ ಉಳಿದಿರಲಿಲ್ಲ. ಅಂದಿನಿಂದ ಹತ್ತು ದಿನ ದಾಟಿದ ಬಾಕಿಗೆ ಕಂಬಿಯ ಮೂರು ಏಟಿನ ಇನ್ನೊಂದು ಸದ್ದನ್ನು ಮಾಡಿಟ್ಟಿದ್ದೇನೆ. ತೋಟದಲ್ಲಿ ಮೂರು ಏಟು ಬಾರಿಸುವುದು ಅಪಘಾತವಾದಾಗ ಮಾತ್ರ, ಹಾಗಾಗಿ ಅದಕ್ಕೆ ಒಗ್ಗಿಕೊಳ್ಳಲು ಕಿವಿ ಒಪ್ಪುವುದಿಲ್ಲ. ಒಮ್ಮೆ ಆ ಸದ್ದು ಕೇಳಿ ಕಣದಲ್ಲಿದ್ದ ಇಬ್ಬರು ಹೆಂಗಸರು ಕುಕ್ಕೆ ಬಿಟ್ಟು ಓಡಿ ಬಂದದ್ದೂ ಇದೆ; ಈಗ ಅದರ ಜೋರನ್ನು ತಗ್ಗಿಸಿದ್ದೇನೆ.

ಬಟವಾಡೆಯ ದಿನ ಸಂಜೆ ಹಣ ಹಂಚಿ ಮುಗಿದ ಮೇಲೆ ಹೆಸರುಗಳ ಪಟ್ಟಿಯನ್ನು ಒಮ್ಮೆ ನೋಡಿ, ತೀರಿದವರನ್ನು ಮಾಮೂಲಿ ರಿಂಗಿಗೆ ಮರಳಿಸುತ್ತೇನೆ. ಈ ವಾರ ನನ್ನ ಬಾಕಿಯೆಂದು ಉಳಿದಿರುವುದು ಮೂರು. ಅದರಲ್ಲಿ ಒಂದು ಮೇಸ್ತ್ರಿಯದು, ಕಂಬಿಯ ಹಿಂದೆ ಚಿಲಕದ ಸದ್ದು: ಲೈನ್ ಮನೆಯ ಅಡುಗೆ ಕೋಣೆಯ ಮೇಲಿನ ಎರಡು ಶೀಟು ಒಡೆದಿದೆ, ಮಾಲೀಕರು ಶನಿವಾರ ಬಂದಾಗ ಕೇಳುತ್ತೇನೆಂದಿದ್ದೇನೆ. ಬೆಳಿಗ್ಗೆ ಅವರ ಕರೆ ಬಂದಾಗ, ಅವರು ಬಾಯಿ ತೆರೆಯುವ ಮೊದಲೇ, "ಶೀಟಿನ ವಿಷಯ ಶನಿವಾರ, ಮೇಸ್ತ್ರಿ" ಎಂದೆ. ಅವರು ಕರೆ ಮಾಡಿದ್ದು ಎರಡು ಆಳು ಕಡಿಮೆ ಬಂದಿದ್ದಾರೆಂದು ಹೇಳಲು. ಕರೆ ಮುಗಿಸಿ, ಚಿಲಕವನ್ನು ಹಾಗೆಯೇ ಬಿಟ್ಟೆ.