ಹೊಗೆ ಇಲ್ಲ, ಪಿಕಪ್ಪೂ ಇಲ್ಲ

ಮಂಡ್ಯದ ನಮ್ಮ ಗ್ಯಾರೇಜಿಗೆ ಒಬ್ಬ ಕಬ್ಬು ಬೆಳೆಗಾರರು ಹಳೇ ಡೀಸೆಲ್ ಕಾರು ತಂದರು. 1248 ಸಿಸಿ ಎಂಜಿನ್. "ಅಣ್ಣ, ಮೇಲುಕೋಟೆ ಬೆಟ್ಟಕ್ಕೆ ಎರಡನೇ ಗೇರಲ್ಲೂ ಏದುಸಿರು ಬಿಡ್ತದೆ" ಅಂದರು. ಅದಕ್ಕೂ ಮೊದಲು ಇನ್ನೊಂದು ಕಡೆ ತೋರಿಸಿದ್ದಾಗ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಹೋಗಿದೆ ಅಂದಿದ್ದರಂತೆ.

ನಾನು ಮೊದಲು ನೋಡಿದ್ದು ಸೈಲೆನ್ಸರ್ ಕಡೆಗೆ. ಆಕ್ಸಿಲರೇಟರ್ ಒತ್ತಿಸಿದರೂ ಕರಿಹೊಗೆ ಇಲ್ಲ. ಟರ್ಬೊ ಹೋಸ್ ಹರಿದು ಗಾಳಿ ಸೋರಿದ್ದರೆ ಸಾಮಾನ್ಯವಾಗಿ ಕಪ್ಪಗೆ ಉಗುಳುತ್ತದೆ. ಇಲ್ಲಿ ಎಂಜಿನ್ನಿಗೆ ಡೀಸೆಲ್ಲೇ ಕಡಿಮೆ ಸಿಗುತ್ತಿತ್ತು. ಒಳಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಗಾಳಿ ಕಡಿಮೆ ಇದೆ ಅಂತ ಹೇಳಿದರೆ, ಹೊಗೆ ಬರದಿರಲಿ ಅಂತ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಡೀಸೆಲ್ ಕಡಿಮೆ ಮಾಡುತ್ತದೆ. ಸ್ಕ್ಯಾನರಿನಲ್ಲಿ ಪಿ0101 ಕೋಡ್ ಬಂತು. ಅದರರ್ಥ ಸೆನ್ಸರ್ ಕೆಟ್ಟಿದೆ ಅಂತಲ್ಲ. ಅದು ಹೇಳುವ ಅಂಕಿ ಇಸಿಎಂ ಲೆಕ್ಕಕ್ಕೆ ಹೊಂದುತ್ತಿಲ್ಲ, ಅಷ್ಟೇ.

ನಮ್ಮ ಹುಡುಗ ಸೆನ್ಸರ್ ಪ್ಲಗ್ ಕಿತ್ತು ಒಂದು ಸುತ್ತು ಓಡಿಸಿ ಬಂದ. "ಪಿಕಪ್ ಬಂತು, ಹೊಸ ಸೆನ್ಸರ್ ಹಾಕೋಣ" ಅಂದ. ಈ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಪ್ಲಗ್ ಕಿತ್ತರೆ ಇಸಿಎಂ ತನ್ನದೇ ಅಂದಾಜಿನಲ್ಲಿ ಡೀಸೆಲ್ ಬಿಡುತ್ತದೆ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಬಿಡುವ ಇಜಿಆರ್ ವಾಲ್ವ್ ತೆರೆದೇ ಕಚ್ಚಿಕೊಂಡು ನಿಜವಾಗಿ ಗಾಳಿ ಕಡಿಮೆ ಇದ್ದರೂ ಪಿಕಪ್ ಬಂದ ಹಾಗೆ ಕಾಣುತ್ತದೆ.

ಅದಕ್ಕೆ, ಸೆನ್ಸರ್ ಎಷ್ಟು ಗಾಳಿ ತೋರಿಸಬೇಕು ಅಂತ ಲೆಕ್ಕ ಹಾಕಿದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆಯುತ್ತದೆ. 850 ಆರ್‌ಪಿಎಂ ಐಡ್ಲಿಂಗಿನಲ್ಲಿ ನಿಮಿಷಕ್ಕೆ 425 ಸಲ, ಅಂದರೆ ಸುಮಾರು 530 ಲೀಟರ್. ಸೆಕೆಂಡಿಗೆ 8.8 ಲೀಟರ್. ನಮ್ಮೂರಿನ ಎತ್ತರಕ್ಕೆ, ಆವತ್ತಿನ ಬಿಸಿಲಿಗೆ ಒಂದು ಲೀಟರ್ ಗಾಳಿ ಹೆಚ್ಚುಕಡಿಮೆ 1.1 ಗ್ರಾಂ ತೂಗುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಲ್ಲ, ಅದನ್ನು ಕಳೆದರೆ ಸೆಕೆಂಡಿಗೆ 8 ಗ್ರಾಂ ಆಸುಪಾಸು ಬರಬೇಕು. ಆದರೆ ಇಜಿಆರ್ ಮುಚ್ಚಿರಬೇಕು, ಇಲ್ಲದಿದ್ದರೆ ಹೊಗೆಯೇ ಗಾಳಿಯ ಜಾಗ ಹಿಡಿದು ಲೆಕ್ಕ ಕೆಡುತ್ತದೆ. ಇಜಿಆರ್ ಪೈಪಿನ ಜಾಯಿಂಟಿಗೆ ತಗಡಿನ ತುಂಡು ಕೊಟ್ಟು ತಾತ್ಕಾಲಿಕವಾಗಿ ಮುಚ್ಚಿದೆ. ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ನೋಡಿದರೆ ಸೆನ್ಸರ್ ಹೇಳಿದ್ದು 5.2 ಗ್ರಾಂ! ಐಡ್ಲಿಂಗಿನಲ್ಲಿ ಟರ್ಬೊ ಹೋಸಿನ ಸೋರಿಕೆಯಿಂದ ಅಂಕಿ ಇಷ್ಟು ಇಳಿಯುವುದಿಲ್ಲ. ವೈರಿಂಗೂ ಕನೆಕ್ಟರೂ ಸರಿಯಿದ್ದವು. ಸುಳ್ಳು ಹೇಳುತ್ತಿದ್ದದ್ದು ಸೆನ್ಸರೇ.

ಬಿಚ್ಚಿದರೆ ಒಳಗೆ ಅಂಟಂಟು ಧೂಳು. ಸೆನ್ಸರಿಗೇ ಅಂತ ಬರುವ ಸ್ಪ್ರೇ ಹೊಡೆದು, ಪೂರ್ತಿ ಒಣಗಿಸಿ ಹಾಕಿದೆ. (ಹಿಂದೊಮ್ಮೆ ಹತ್ತಿಯಲ್ಲಿ ಒರೆಸಲು ಹೋಗಿ ಒಳಗಿನ ಫಿಲ್ಮ್ ಮುರಿದು ನನ್ನ ಜೇಬಿಂದಲೇ ದುಡ್ಡು ಹೋಗಿತ್ತು.) 6.3ಕ್ಕೆ ಏರಿತು, ಅಲ್ಲೇ ನಿಂತಿತು. ಹೊಸದು ಹಾಕಿದಾಗ 8.1. ತಗಡು ತೆಗೆದು, ಕೋಡ್ ಅಳಿಸಿ, ಬೆಟ್ಟದ ದಾರಿಯಲ್ಲೇ ಓಡಿಸಿ ನೋಡಿದೆವು. ಸಲೀಸಾಗಿ ಎಳೆಯಿತು.

ಧೂಳು ಒಳಗೆ ಹೋಗಿದ್ದು ಹೇಗೆ? ಏರ್ ಫಿಲ್ಟರ್ ಬಾಕ್ಸಿನ ಒಂದು ಕ್ಲಿಪ್ ಮುರಿದಿತ್ತು, ಯಾರೋ ತಂತಿ ಕಟ್ಟಿದ್ದರು. ಗಾಡಿ ನಿಲ್ಲಿಸುತ್ತಿದ್ದದ್ದು ಆಲೆಮನೆ ಪಕ್ಕದಲ್ಲಿ, ಸುತ್ತ ಬರೀ ಬೂದಿ, ಸಿಪ್ಪೆ ಪುಡಿ. ಕ್ಲಿಪ್ ಬಿಡಿಯಾಗಿ ಸಿಗಲಿಲ್ಲ, ಬಾಕ್ಸೇ ತರಿಸಬೇಕಾಯಿತು. ಸೆನ್ಸರ್ ದುಡ್ಡನ್ನು ಮಾತಾಡದೆ ಕೊಟ್ಟವರು, ಆ ಪ್ಲಾಸ್ಟಿಕ್ ಡಬ್ಬಿಗೆ ಮಾತ್ರ ಅರ್ಧ ಗಂಟೆ ಚೌಕಾಸಿ ಮಾಡಿದರು.